ರಕ್ತಸಾಕ್ಷಿಯ ಮಗಳು

ಜಮಖಂಡಿಯ ಬಸ್‌ನಿಲ್ದಾಣದ ಹತ್ತಿರ ನನ್ನದೊಂದು ಔಷಧದ ಅಂಗಡಿ ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಲಮಟ್ಟಿಯ ಹಿನ್ನೀರು ಈ ಮಳೆಗಾಲಕ್ಕೆ ಬರುತ್ತದೆ, ಇಲ್ಲ, ಮುಂದಿನದಕ್ಕೆ ಎಂದು ಹೊಳೆದಂಡೆಯ ಊರುಗಳ ಜನ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದ ಕಾಲ. ಔಷಧಿ ಒಯ್ಯಲು ಬರುತ್ತಿದ್ದವರಲ್ಲಿ ಒಬ್ಬ ನರ್ಸಬಾಯಿ ಇದ್ದರು. ಕ್ರೈಸ್ತರು. ಯಾವುದೋ ಸಣ್ಣ ದವಾಖಾನೆಯಲ್ಲಿ ಕೆಲಸ. ಒಂದು ದಿನ ಅವರು ಗ್ಲೂಕೋಸ್ ಡಬ್ಬಿಗಳನ್ನೂ ತಲೆನೋವಿನ ಗುಳಿಗೆಗಳನ್ನೂ ಒಮ್ಮೆಲೇ ಬಹಳ ಕೇಳಿದರು. ಇಷ್ಟೊಂದು ಯಾಕೆ ಎಂದೆ.

“ಬರೂ ಆಯಿತಾರ ನಮ್ಮ ಸಭಾದವರು ಯಾತ್ರಾ ಹೊಂಟೀವ್ರಿ ಅಣ್ಣಾರ. ಗಲಗಲಿ ದಾಟಿ ಹೊಳಿದಂಡಿಗೆ ಒಂದು ಊರೈತಲ್ಲರಿ, ಅಲ್ಲಿ ಒಬ್ಬ ರಕ್ತಸಾಕ್ಷಿ ಹುಟ್ಟಿದ ಮನಿ ಐತಿ, ಸಮಾಧಿ ಐತಿ. ವರ್ಷಾ ಹೋಗತೇವಿ. ಬಿಸಲಾಗ ವಯಸ್ಸಾದವರು ತಲಿ ತಿರಗಿ ಬೀಳತಾರ, ಅದಕ್ಕ.”

ರಕ್ತಸಾಕ್ಷಿ ಎಂದರೆ ಏನು ಎಂದು ಕೇಳಿದೆ. ದೇವರ ಸಲುವಾಗಿ ಜೀವ ಕೊಟ್ಟವರು ಎಂದರು. ಇದು ಆ ಊರಿಗೆ ತಮ್ಮ ಕೊನೆಯ ಯಾತ್ರೆ, ನೀರು ಬರುವುದರೊಳಗೆ ಎಲುಬುಗಳನ್ನು ತೆಗೆದು ಎತ್ತರದ ಜಾಗಕ್ಕೆ ಒಯ್ಯುತ್ತೇವೆ ಎಂದೂ ಹೇಳಿದರು. ಆಮೇಲೆ ಊರಿನ ಹೆಸರು, ಸತ್ತವನ ಹೆಸರು ಎರಡನ್ನೂ ಹೇಳಿದರು. ಊರು ನನ್ನ ಅವ್ವನ ತವರು. ಹೆಸರು ನನ್ನ ಅಜ್ಜನದು.

ಅಜ್ಜನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಮಾತು: ಅವ್ವ ಸಣ್ಣವಳಿದ್ದಾಗ ಬಾವಿಯ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಸತ್ತ. ನಮ್ಮವರು ಬೀರೇಶ್ವರನ ಒಕ್ಕಲು, ಕುರಿ ಸಾಕಿಕೊಂಡು, ಹೊಲ ಮಾಡಿಕೊಂಡು ಬಂದವರು. ಆ ಮನೆತನದ ಒಬ್ಬ ಮನುಷ್ಯನ ಸಮಾಧಿಗೆ ಕ್ರೈಸ್ತರು ಯಾಕೆ ಕೈ ಮುಗಿಯಬೇಕು ಎಂಬುದು ನನಗೆ ತಿಳಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಹಾಲಿಂಗಪುರದ ಹತ್ತಿರದ ಹಳ್ಳಿ ಬಿಟ್ಟು ಜಮಖಂಡಿಗೆ ಬಂದು ನಮ್ಮ ಜೊತೆಗೇ ಇದ್ದಳು. ಸಂಜೆ ಮನೆಗೆ ಹೋದಾಗ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ನರ್ಸಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

“ಅಂವ ನಮ್ಮಪ್ಪನ ಹೌದು. ನಮ್ಮ ದೇವರ ಬಿಟ್ಟು ಅವರ ದೇವರ ಹಿಡದಿದ್ದ,” ಎಂದಳು.

“ಮತ್ತ ಬಾವಿಯಾಗ ಬಿದ್ದು ಸತ್ತ ಅಂತಿದ್ದಿ?”

“ಹಂಗ ಹೇಳ ಅಂದಿದ್ರು, ಹೇಳಿದೆ.” ಮೊರವನ್ನು ಪಕ್ಕಕ್ಕಿಟ್ಟು ಅವಳೇ ಅಂದಳು: “ನಾನೂ ಬರತೇನಿ. ಊರು ಮುಳಗೂದ್ರಾಗ ಒಮ್ಮೆ ನೋಡಬೇಕು. ಯಾರ ಮಗಳು ಅಂತ ಮಾತ್ರ ಅವರಿಗೆ ಹೇಳಬ್ಯಾಡ.”

ನರ್ಸಬಾಯಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ಅವ್ವನಿಗೆ ಆ ಕಡೆಯ ಊರು ನೋಡುವ ಆಸೆ, ಜಾಗ ಇದ್ದರೆ ಬರುತ್ತೇವೆ. ಅವರು ಸಂತೋಷದಿಂದ ಒಪ್ಪಿದರು.

ಆಯಿತವಾರ ಬೆಳಿಗ್ಗೆ ಎರಡು ಟ್ರ್ಯಾಕ್ಸ್ ಜೀಪು ತುಂಬಿ ಹೊರಟೆವು. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಿಂದ ಬಂದ ಹೆಂಗಸರು, ಮುಧೋಳದಿಂದ ಬಂದ ಒಂದೆರಡು ಸಂಸಾರ, ನಾವು. ಯಾತ್ರೆಯ ಮುಂದಾಳು ಒಬ್ಬ ಉಪದೇಶಿ, ಎಂದರೆ ಅವರ ಸಭೆಯಲ್ಲಿ ಪ್ರಾರ್ಥನೆ ನಡೆಸುವವರು. ಆಗ ಅವರಿಗೆ ಅರವತ್ತು ಸಮೀಪಿಸಿರಬೇಕು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿ, ಕೈಯಲ್ಲಿ ಕೊಡೆ. ಅವರ ಅಜ್ಜಿ ಅದೇ ಊರಿನ ಹೊಲಗೇರಿಯವಳು. ನನ್ನ ಅಜ್ಜ ಹೊಳೆದಂಡೆಗೆ ಹಾಕಿಕೊಂಡಿದ್ದ ಗುಡಿಸಲಿಗೆ ಪ್ರಾರ್ಥನೆಗೆ ಹೋಗುತ್ತಿದ್ದ ನಾಲ್ಕಾರು ಜನರಲ್ಲಿ ಅವಳೂ ಒಬ್ಬಳು. ಅಜ್ಜ ಸತ್ತ ಮೇಲೆ ಆ ಮನೆಗಳವರೆಲ್ಲ ಊರು ಬಿಟ್ಟು ಮಿಷನ್ನಿನವರ ಆಶ್ರಯಕ್ಕೆ ಹೋದರು. ಕಥೆ ಅವರ ಜೊತೆಗೆ ಹೋಯಿತು. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಅವರ ಮನೆಗಳಲ್ಲಿ ಬೆಳೆಯುತ್ತ ಬಂದಿತ್ತು.

ಗಲಗಲಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಬ್ಬು, ಆಮೇಲೆ ಏನೂ ಬಿತ್ತದೆ ಬಿಟ್ಟ ಹೊಲಗಳು. ಊರು ಅರ್ಧ ಖಾಲಿಯಾಗಿತ್ತು. ಗೋಡೆಗಳ ಮೇಲೆ ಸರ್ವೇದವರು ಬರೆದ ಕೆಂಪು ಅಂಕಿಗಳು. ಜನ ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ಬಾಗಿಲು, ತೊಲೆ, ಜಂತಿ, ಹಾಸುಗಲ್ಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ ಪುನರ್ವಸತಿಯ ಹೊಸ ಊರಿಗೆ ಒಯ್ಯುತ್ತಿದ್ದರು. ಉಳಿದದ್ದು ಬರೀ ಮಣ್ಣಿನ ಗೋಡೆ. ಹೊಲಗೇರಿಯಲ್ಲಿ ಉಳಿದಿದ್ದವರು ಎಲ್ಲರಿಗಿಂತ ಮೊದಲೇ ಹೊಸ ಊರಿಗೆ ಹೋಗಿದ್ದರು, ಆ ಕೇರಿ ನೆಲಸಮವಾಗಿ ಅಲ್ಲಿ ಜಾಲಿ ಬೆಳೆದಿತ್ತು.

ಮೊದಲು ನಮ್ಮನ್ನು ಕರೆದೊಯ್ದದ್ದು ರಕ್ತಸಾಕ್ಷಿ ಹುಟ್ಟಿದ ಮನೆಗೆ. ಅದು ಅವ್ವನೂ ಹುಟ್ಟಿದ ಮನೆ. ಸಣ್ಣವನಿದ್ದಾಗ ನಾಗರಪಂಚಮಿಗೆ ಅವ್ವನ ಜೊತೆ ಬಂದು ಆ ಅಂಗಳದಲ್ಲಿ ನಾನು ಆಡಿದ್ದೆ. ಅಲ್ಲಿದ್ದವನು ನನ್ನ ಸೋದರಮಾವ, ಎಂದರೆ ಅವ್ವನ ದೊಡ್ಡಪ್ಪನ ಮಗ. ಅವನು ಮೊದಲೇ ಹೊಸ ಊರಿಗೆ ಹೋಗಿಬಿಟ್ಟಿದ್ದ. ಬಾಗಿಲ ಜಾಗದಲ್ಲಿ ಬರೀ ಸಂದು, ಮೇಲೆ ಆಕಾಶ.

ಉಪದೇಶಿ ಕೊಡೆ ಊರಿಕೊಂಡು ನಿಂತು ಕಥೆ ಹೇಳಿದರು. ಕುರಿ ಕಾಯುವ ತರುಣನೊಬ್ಬ ಕಾಲಿನ ಹುಣ್ಣು ಮಾಯದೆ ಮಿಷನ್ ದವಾಖಾನೆಗೆ ಹೋದ. ಅಲ್ಲಿ ತಿಂಗಳುಗಟ್ಟಲೆ ಇದ್ದು ವಾಸಿಯಾಗಿ, ಹೊಸ ವಿಶ್ವಾಸ ಹೊತ್ತು ಮರಳಿದ. ಅಣ್ಣ ಮನೆಯೊಳಗೆ ಸೇರಿಸಲಿಲ್ಲ. ಹೊಳೆದಂಡೆಗೆ ಗುಡಿಸಲು ಹಾಕಿಕೊಂಡ. ಹೊಲಗೇರಿಯವರ ಜೊತೆ ಕೂತು ಉಂಡ.

“ಅವರಿಗೆ ಹೆಂಡತಿ ಇದ್ಲು. ತೊಡೀಮ್ಯಾಲ ಆಡೂ ಹೆಣ್ಣ ಕೂಸಿತ್ತು,” ಎಂದರು ಉಪದೇಶಿ. “ಹೆಂಡ್ತಿ ಬಂದು ಕಾಲಿಗೆ ಬಿದ್ದು ಅತ್ತಳು. ಮನಿಗಿ ಬಾ ಅಂದ್ಲು. ಅವರು ಹೋಗಲಿಲ್ಲ. ಕರ್ತನ ಸಲುವಾಗಿ ಅದನ್ನೂ ಬಿಟ್ಟರು.”

ಹೆಂಗಸರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲಿ ಮೆಚ್ಚುಗೆ ಇತ್ತು. ನಾನು ಅವ್ವನ ಮುಖ ನೋಡಿದೆ. ಅವಳು ಮೂಲೆಯ ಗ್ವಾದಲಿಯ ಕಡೆ ನೋಡುತ್ತ ನಿಂತಿದ್ದಳು. ಎತ್ತಿಗೆ ಮೇವು ಹಾಕುತ್ತಿದ್ದ ಆ ಕಟ್ಟೆ ಮಾತ್ರ ಹಾಗೇ ಉಳಿದಿತ್ತು.

“ನಮ್ಮವ್ವ ಅಲ್ಲೇ ಮಲಗತಿದ್ಲು,” ಎಂದು ನನ್ನ ಕಿವಿಯಲ್ಲಿ ಅಂದಳು. “ಒಳಗ ಜಾಗ ಕೊಡಲಿಲ್ಲ. ದನದ ಮಗ್ಗಲಕ ಮಲಗಿ ಮಲಗಿ ಆಕಿಗಿ ದಮ್ಮ ಹತ್ತಿತು.”

ಜನ ನೆಲದ ಮಣ್ಣು ಕೆದರಿ ಚೀಲಗಳಿಗೆ ತುಂಬಿಕೊಳ್ಳತೊಡಗಿದರು. ಬನಹಟ್ಟಿಯ ಒಬ್ಬ ಹೆಣ್ಣುಮಗಳು ಒಂದು ಹಿಡಿ ತಂದು ಅವ್ವನ ಮುಂದೆ ಚಾಚಿದಳು. “ತಗೋರಿ ಯಮ್ಮಾ, ಅವರು ಹುಟ್ಟಿದ ಮಣ್ಣು. ಮನ್ಯಾಗ ಇಟ್ಟರ ಛಲೋ ಆಗತೈತಿ.” ಅವ್ವ ಕೈಯೊಡ್ಡಿ ಇಸಿದುಕೊಂಡಳು. ಹೊರಗೆ ಬಂದ ಮೇಲೆ, ಯಾರೂ ನೋಡದ ಹಾಗೆ, ಗೋಡೆಯ ಬುಡಕ್ಕೆ ಅದನ್ನು ಸುರುವಿ ಕೈ ಝಾಡಿಸಿದಳು.

ಅಲ್ಲಿಂದ ಬೀರೇಶ್ವರನ ಗುಡಿ. ಯಾತ್ರಿಕರು ಒಳಗೆ ಹೋಗುವುದಿಲ್ಲ. ಹೊರಗೆ ನಿಂತೇ ಉಪದೇಶಿ, ರಕ್ತಸಾಕ್ಷಿ ತಮ್ಮ ಹರೆಯದಲ್ಲಿ ಡೊಳ್ಳು ಬಾರಿಸುತ್ತಿದ್ದ ಕಟ್ಟೆಯನ್ನು ತೋರಿಸಿದರು. ಅವ್ವ ಮಾತ್ರ ಚಪ್ಪಲಿ ಬಿಟ್ಟು ನೇರ ಒಳಗೆ ನಡೆದಳು. ಅದು ಅವಳ ಮನೆದೇವರು, ಕಾಲು ತಾವೇ ಹೋದವು. ಒಳಗಿದ್ದ ಪೂಜಾರಿ ಅವಳಿಗಿಂತ ವಯಸ್ಸಾದವನು. ದೇವರನ್ನು ಎಬ್ಬಿಸಿ ಹೊಸ ಊರಿಗೆ ಒಯ್ಯುವ ತನಕ ಊರು ಬಿಡುವುದಿಲ್ಲ ಎಂದು ಒಬ್ಬನೇ ಉಳಿದಿದ್ದ. ಹಣೆಗೆ ಭಂಡಾರ ಹಚ್ಚುತ್ತ ಅವನು ಅವಳ ಮುಖ ನೋಡಿದ.

“ಅಲ್ಲಬೇ, ನೀ ಮ್ಯಾಗಲ ಮನಿ ಮಗಳಲ್ಲೇನ? ಜಾತಿ ಕೆಟ್ಟು ಹ್ವಾದಾಂವನ ಮಗಳು?”

ಅವ್ವ ಆರತಿ ತಟ್ಟೆಗೆ ಕಾಣಿಕೆ ಹಾಕಿದಳು. ಕಿವಿ ಮಂದವಾದ ಮುದುಕ ದೊಡ್ಡ ದನಿಯಲ್ಲಿ ಮುಂದುವರಿಸಿದ. “ನಿಮ್ಮಪ್ಪನಂಗ ಡೊಳ್ಳ ಬಡಿಯಾಂವ ಈ ಊರಾಗ ಮತ್ತ ಹುಟ್ಟಲಿಲ್ಲ ನೋಡು. ಅಂವಗ ಹಂಗ ಆಗಬಾರದಿತ್ತು.”

ಹೊರಗಿದ್ದವರಿಗೆಲ್ಲ ಕೇಳಿಸಿತು. ಅವ್ವ ಹೊರಗೆ ಬಂದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಉಪದೇಶಿ ಕೊಡೆ ಮಡಚಿದರು. “ಯಮ್ಮಾ, ಅಂವ ಹೇಳಿದ್ದು ಖರೆ ಏನ್ರಿ?” ಎಂದು ಕೇಳಿದರು. ಅವ್ವ ಹೌದು ಎಂದು ತಲೆಯಾಡಿಸಿದಳು. ಆ ಹೆಂಗಸರಲ್ಲಿ ಇಬ್ಬರು ಬಗ್ಗಿ ಅವಳ ಪಾದ ಮುಟ್ಟಲು ಬಂದರು. ಅವ್ವ ಹಿಂದೆ ಸರಿದು, “ಬ್ಯಾಡ್ರೀ, ಮುಟ್ಟಬ್ಯಾಡ್ರಿ,” ಎಂದಳು. ನಾನು ಅವಳ ತೋಳು ಹಿಡಿದುಕೊಂಡೆ.

ಮುಂದಿನ ಜಾಗ ಬಾವಿ. ಕಲ್ಲಿನ ಮೆಟ್ಟಿಲು ಕಟ್ಟಿದ ಹಳೆಯ ದೊಡ್ಡ ಬಾವಿ. ನೀರು ತಳ ಮುಟ್ಟಿ ಹಸಿರಾಗಿತ್ತು. ಅಲ್ಲಿ ಉಪದೇಶಿ ಪ್ರತಿ ವರ್ಷದಂತೆ ಯಾತ್ರಿಕರಿಗೆ ಕಥೆ ಹೇಳಲಿಲ್ಲ.

“ನಾನು ನಮ್ಮಜ್ಜಿ ಹೇಳಿದ್ದನ್ನ ಇಷ್ಟು ವರ್ಷ ಹೇಳಕೋತ ಬಂದೇನ್ರಿ,” ಎಂದರು ಅವ್ವನಿಗೆ. “ಮಳಿ ಕೈಕೊಟ್ಟ ವರ್ಷ ಅದು. ನಮ್ಮ ಕೇರಿಯವರಿಗೆ ನೀರಿಲ್ಲ. ಅವರು ತಾವ ಈ ಬಾವಿಗಿಳದು ನೀರು ಸೇದಿ ನಮ್ಮವರ ಕೊಡಾ ತುಂಬಿಸಿದರು. ಊರ ಮಂದಿ ಕೂಡಿ ಹೊಡದ್ರು ಅಂತ ನಮ್ಮಜ್ಜಿ ಹೇಳತಿದ್ಲು. ಆಕಿ ದೂರ ನಿಂತಿದ್ಲು, ಯಾರ್ಯಾರು ಅಂತ ನೋಡಲಿಲ್ಲ. ನಿಮಗೇನರ ನೆನಪೈತೇನ್ರಿ?”

ಅವ್ವ ಬಾವಿಯ ಅಂಚಿಗೆ ಹೋದಳು. ಅವಳು ಹೇಳುವುದಿಲ್ಲ ಎಂದೇ ನಾನು ತಿಳಿದಿದ್ದೆ.

“ಊರ ಮಂದಿ ಹೊಡೀಲಿಲ್ಲ,” ಎಂದಳು. “ಊರ ಮಂದಿ ಸುತ್ತ ನಿಂತಿದ್ರು. ಹೊಡದಾಂವ ಒಬ್ಬನ. ನಮ್ಮ ದೊಡ್ಡಪ್ಪ.”

ಅವ್ವ ನಡುವೆ ನಡುವೆ ನಿಲ್ಲುತ್ತ ಹೇಳಿದಳು.

“ನಾ ಸಣ್ಣ ಕೊಡಾ ತಗೊಂಡು ಅಲ್ಲಿ, ಆ ಕಲ್ಲಮ್ಯಾಲ ನಿಂತಿದ್ದೆ. ಅಪ್ಪ ನನ್ನ ನೋಡಿದ. ನನ್ನ ಕೊಡಾನೂ ತುಂಬಿಸಿಕೊಡತೇನಿ ಬಾ ಅಂದ. ಅಷ್ಟರಾಗ ದೊಡ್ಡಪ್ಪ ಕೊಡ್ಲಿ ತಗೊಂಡು ಬಂದ. ಕಾವಿಂದ ಹೊಡದ, ಬಾಯಿಂದ ಅಲ್ಲ. ಸಾಯಸಬೇಕಂತ ಇರಾಕಿಲ್ಲ. ತಲಿಗಿ ಬಿತ್ತು. ಅಪ್ಪ ಮೆಟ್ಟಲಮ್ಯಾಲ ಉಳ್ಳಿಕೋತ ಹ್ವಾದ.”

ಊರ ದರ್ಗಾ ನೋಡಿಕೊಳ್ಳುತ್ತಿದ್ದ ಮುಜಾವರ ತನ್ನ ಹೊರಸು, ಹಗ್ಗದ ಮಂಚ, ಕೊಟ್ಟನಂತೆ. ಅದರ ಮೇಲೆ ಹೊತ್ತು ಗುಡಿಸಲಿಗೆ ಒಯ್ದರು. ಅಜ್ಜ ಕೂಡಲೇ ಸಾಯಲಿಲ್ಲ.

“ಕಡೀ ಘಳಿಗೀಗೆ ಹೊಡದಾಂವನ್ನ ಕ್ಷಮಿಸಿದರು ಅಂತ ನಮ್ಮಜ್ಜಿ ಹೇಳತಿದ್ಲು,” ಎಂದರು ಉಪದೇಶಿ ಮೆಲ್ಲಗೆ.

“ಇದ್ದರೂ ಇರಬೇಕ್ರಿ. ನಮ್ಮವ್ವ ನನ್ನ ಕರಕೊಂಡು ಕಳವಿಲೆ ಹೋಗಿದ್ಲು. ಅಪ್ಪಗ ಆಕಿ ಗುರ್ತ ಸಿಗಲಿಲ್ಲ. ನನ್ನ ಗುರ್ತಾನೂ ಸಿಗಲಿಲ್ಲ. ನೀರು ನೀರು ಅಂತಿದ್ದ, ಕುಡಿಸಿದ್ರ ಒಳಗ ಇಳೀತಿರಲಿಲ್ಲ. ಕ್ಷಮಾದ ಮಾತು ನನ್ನ ಕಿವಿಗೆ ಬೀಳಲಿಲ್ಲ.”

ಅಜ್ಜ ಸತ್ತ ಮೇಲೆ ಬಾವಿಯ ಮೆಟ್ಟಿಲಿಂದ ಜಾರಿಬಿದ್ದ ಎಂದು ಊರು ಒಂದಾಗಿ ಹೇಳಿತು. ಅಜ್ಜಿಯೂ ಹೇಳಿದಳು, ಅವ್ವನಿಂದಲೂ ಹೇಳಿಸಿದರು. ದೊಡ್ಡಪ್ಪ ತಮ್ಮನ ಹೆಂಡತಿ ಮಗಳನ್ನು ಹೊರಗೆ ಹಾಕಲಿಲ್ಲ. ಅಜ್ಜಿಗೆ ದನದ ಮಗ್ಗುಲಲ್ಲಿ ಜಾಗವಾಯಿತು. ಆದರೆ ಅವ್ವನನ್ನು ಅವನು ಮಗಳಂತೆ ಸಾಕಿದ.

“ಹೆಗಲಮ್ಯಾಲ ಕುಂದ್ರಿಸಿಕೊಂಡು ಮುಧೋಳ ಸಂತಿಗೆ ಒಯ್ತಿದ್ದ,” ಎಂದಳು ಅವ್ವ. “ಬಳಿ ಇಡಸತಿದ್ದ. ನನ್ನ ಲಗ್ನಾ ಚಂದಂಗ ಮಾಡಿದ. ಲಕ್ವಾ ಹೊಡದು ಹಾಸಿಗಿ ಹಿಡದಾಗ ನಾನ ಹೋಗಿ ಬಾಯಿಗೆ ಗಂಜಿ ಹಾಕೇನಿ. ಅವನ್ನ ನೋಡಿದ್ರ ಎದ್ಯಾಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಪ್ಪನಮ್ಯಾಲ ಬರತಿತ್ತು.”

ನರ್ಸಬಾಯಿ ಮುಖಕ್ಕೆ ಸೆರಗು ಹಿಡಿದುಕೊಂಡಿದ್ದರು. ನಾನು ಇಷ್ಟು ವರ್ಷ ಅವ್ವನ ಜೊತೆ ಒಂದೇ ಮನೆಯಲ್ಲಿದ್ದು, ಇದನ್ನೆಲ್ಲ ಎರಡು ಟ್ರ್ಯಾಕ್ಸ್ ಪರಕೀಯರ ನಡುವೆ ನಿಂತು ಕೇಳಬೇಕಾಯಿತು. ಅದು ನನಗೆ ನಾಚಿಕೆಯೋ ದುಃಖವೋ, ಈಗಲೂ ಹೇಳಲಾರೆ.

ಸಮಾಧಿ ಹೊಳೆಯ ಕಡೆ, ಜಾಲಿಮರಗಳ ನಡುವೆ ಇತ್ತು. ನಾಲ್ಕು ಕಲ್ಲು, ಅವುಗಳಿಗೆ ಸುಣ್ಣ. ಅಗೆಯಲು ಕರೆಸಿದ್ದ ಇಬ್ಬರು ಆಳುಗಳು ಗುದ್ದಲಿ ಸಲಿಕೆ ಇಟ್ಟುಕೊಂಡು ನೆರಳಲ್ಲಿ ಕೂತಿದ್ದರು. ಉಪದೇಶಿ ಅವರಿಗೆ ಕೈ ಸನ್ನೆ ಮಾಡಿ ತಡೆದು ಅವ್ವನ ಹತ್ತಿರ ಬಂದರು.

“ಯಮ್ಮಾ, ಇದು ನಮಗ ಗೊತ್ತಿರಲಿಲ್ಲ. ವಾರಸದಾರರು ಯಾರೂ ಇಲ್ಲಂತ ತಿಳಕೊಂಡಿದ್ವಿ. ನೀವು ಹೂಂ ಅಂದ್ರ ತಗೀತೇವಿ. ಇಲ್ಲಾ ನಿಮ್ಮ ಪದ್ಧತೀಲೆ ನೀವ ಏನರ ಮಾಡತೇವಿ ಅಂದ್ರೂ ನಾ ಇವರಿಗೆಲ್ಲಾ ತಿಳಿಸಿ ಹೇಳತೇನಿ.”

ಅವ್ವ ಸಮಾಧಿಯ ಕಲ್ಲುಗಳನ್ನು ನೋಡಿದಳು. ಅವಳು ಅಲ್ಲಿಗೆ ಹಿಂದೆಂದೂ ಬಂದಿರಲಿಲ್ಲ.

“ಅಂವ ನಮ್ಮನ್ನ ಬಿಟ್ಟು ನಿಮ್ಮ ಕಡೆ ಬಂದ,” ಎಂದಳು. “ಅಂವ ನಿಮ್ಮವನ. ಒಯ್ಯರಿ.”

ಅಗೆದರು. ಕರಿಮಣ್ಣು, ಬೇಸಿಗೆಯಾದರೂ ಒಳಗೆ ಜಿಗಟು. ಹೊಳೆ ಎಷ್ಟೋ ಸಲ ಆ ದಂಡೆಯ ಮೇಲೆ ಹತ್ತಿ ಇಳಿದಿತ್ತು. ಎದೆಯಾಳ ಹೋದರೂ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಕೊನೆಗೆ ಬೆರಳುದ್ದದ ಕೆಲವು ತುಂಡುಗಳು ಸಿಕ್ಕವು. ಎಲುಬೋ, ಜಾಲಿಯ ಬೇರೋ ಎಂದು ಆಳುಗಳೇ ಒಬ್ಬರ ಮುಖ ಒಬ್ಬರು ನೋಡಿದರು. ಉಪದೇಶಿ ಅವುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದರು, ಒಂದಿಷ್ಟು ಮಣ್ಣನ್ನೂ ಸೇರಿಸಿದರು, ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟರು. ಪ್ರಾರ್ಥನೆ ಆಯಿತು. ಎಲ್ಲರೂ ಮೊಣಕಾಲೂರಿದರು. ಅವ್ವ ಕುಣಿಯ ಅಂಚಿನಲ್ಲಿ ನಿಂತೇ ಇದ್ದಳು. ಅವಳು ಅಳಲಿಲ್ಲ. ಮರಳುವಾಗ ಪೆಟ್ಟಿಗೆ ನಮ್ಮ ಟ್ರ್ಯಾಕ್ಸಿನಲ್ಲೇ ಇತ್ತು. ರಸ್ತೆ ಕುಲುಕಿದಾಗಲೆಲ್ಲ ಅದು ಅವ್ವನ ಕಾಲಿಗೆ ತಾಗುತ್ತಿತ್ತು, ಅವಳು ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಪೂಜಾರಿಯ ಮೂಲಕ ಮಾತು ಹೊಸ ಊರಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸೋದರಮಾವ ಜಮಖಂಡಿಗೆ ಬಂದ. ಪ್ರತಿ ವರ್ಷ ಪಂಚಮಿಗೆ ಅವ್ವನನ್ನು ಕರೆಯಲು ಬರುತ್ತಿದ್ದವನು ಅವನೇ. ಅಂದು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ನನ್ನ ಹೆಂಡತಿ ಚಹಾ ತಂದಿಟ್ಟಳು.

“ಅಕ್ಕಾ, ಮಂದಿ ಮುಂದ ನಮ್ಮಪ್ಪನ್ನ ಕೊಲೆಗಾರ ಅಂದ್ಯಂತಲ್ಲ?”

“ಹೊಡದ ಅಂದೆ.”

“ನಿನ್ನ ಸಾಕಿದಾಂವಲ್ಲೇನು ಅಂವ?”

“ಸಾಕಿದ. ಅದನ್ನೂ ಅಂದೇನಿ.”

“ಇಷ್ಟು ವರ್ಷ ಬಾಯಿ ಮುಚಗೊಂಡಿದ್ದಾಕಿ, ಊರು ಮುಳಗೂ ಹೊತ್ತಿನ್ಯಾಗ ಯಾಕ ಬಿಚ್ಚಿದಿ? ಹೊಸ ಊರಾಗ ಹೊಲಗೇರಿಯವರ ಮನಿ ನಮ್ಮ ಸಾಲಿನ್ಯಾಗ ಬಂದಾವು. ನಾಳಿ ನನ್ನ ಮಕ್ಕಳು ಅವರ ಮುಂದ ಹೆಂಗ ಓಡ್ಯಾಡಬೇಕು?”

ಅವ್ವ ಚಹಾದ ಕಪ್ಪನ್ನು ಅವನ ಕಡೆ ಸರಿಸಿದಳು. ಮಾವ ಎದ್ದು ಹೋದ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಆ ವರ್ಷದ ಪಂಚಮಿಗೆ ಅವ್ವ ಅಳ್ಳು ಹುರಿದು, ಉಂಡಿ ಕಟ್ಟಿ, ಒಳ್ಳೆಯದೊಂದು ಸೀರೆ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಳು. ಯಾರೂ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಅದರ ಮುಂದಿನ ವರ್ಷದಿಂದ ಅವಳು ಕಟ್ಟೆಗೆ ಬರುವುದನ್ನೂ ಬಿಟ್ಟಳು. ಅಷ್ಟರಲ್ಲಿ ಊರು ನೀರೊಳಗೆ ಹೋಗಿತ್ತು. ತವರಿಗೆ ಹೋಗಬೇಕೆಂದರೂ ಹೋಗುವ ಜಾಗವೇ ಇರಲಿಲ್ಲ. ಹೊಸ ಊರಿನಲ್ಲಿ ಮಾವ ಕಟ್ಟಿದ ಮನೆಯನ್ನು ಅವಳು ನೋಡಲೇ ಇಲ್ಲ.

ಅವ್ವ ಕೆಲವು ವರ್ಷಗಳ ನಂತರ ತೀರಿಕೊಂಡಳು. ಸಕ್ಕರೆ ಕಾಯಿಲೆ ಒಳಗಿಂದೊಳಗೇ ಅವಳನ್ನು ತಿಂದಿತ್ತು. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತರಬೇಕು, ಅದನ್ನು ಹೊದಿಸಿಯೇ ಎತ್ತಬೇಕು. ನಾನು ಮಾವನಿಗೆ ಹೇಳಿ ಕಳಿಸಿದ್ದೆ. ಹೊತ್ತು ಏರುತ್ತಿತ್ತು, ಹಿರಿಯರು ಇನ್ನು ಕಾಯುವುದು ಬೇಡ ಎನ್ನುತ್ತಿದ್ದರು. ಆಗ ಮಾವನ ಹೆಂಡತಿ, ನನ್ನ ಅತ್ತಿ, ಬಸ್ಸಿಳಿದು ಒಬ್ಬಳೇ ಬಂದಳು. ಮಾವನಿಗೆ ಹೇಳದೆ ಬಂದಿದ್ದಳು. ಹೊಸ ಸೀರೆ ಕೊಳ್ಳುವ ಅವಕಾಶ ಸಿಕ್ಕಿರಲಿಲ್ಲ. ತನ್ನದೇ ಪೆಟ್ಟಿಗೆಯಲ್ಲಿದ್ದ, ಮಡಿಕೆ ಬಿಚ್ಚದ ಒಂದು ಹಸಿರು ಸೀರೆ ತಂದಿದ್ದಳು. ಹೊದಿಸಿ, ಅವ್ವನ ಗಲ್ಲ ಮುಟ್ಟಿ, “ನಾ ಬಂದೇನ್ರಿ ಅಕ್ಕಾರ,” ಎಂದಳು. ಮಣ್ಣಾಗುವವರೆಗೂ ನಿಲ್ಲಲಿಲ್ಲ. ನಿಂತರೆ ಬಸ್ಸು ತಪ್ಪುತ್ತಿತ್ತು.

ಮತ್ತೂ ಕೆಲವು ವರ್ಷ ಕಳೆದ ಮೇಲೆ ನರ್ಸಬಾಯಿ ಒತ್ತಾಯ ಮಾಡಿದ್ದಕ್ಕೆ ನಾನು ಒಮ್ಮೆ ಯಾತ್ರೆಗೆ ಹೋದೆ. ಹಳೆಯ ಜಾಗಗಳೆಲ್ಲ ಹಿನ್ನೀರಿನಡಿ. ಈಗ ಯಾತ್ರೆ ಎಂದರೆ ಹೊಸ ಊರಿನ ಅಂಚಿನ ಮಡ್ಡಿಯ, ಕಲ್ಲುದಿಬ್ಬದ, ಮೇಲೆ ಕಟ್ಟಿದ ಹೊಸ ಸಮಾಧಿ ಮಾತ್ರ. ನುಣುಪು ಕಲ್ಲು, ಸುತ್ತ ಕಬ್ಬಿಣದ ಬೇಲಿ. ಉಪದೇಶಿ ಬಹಳ ಮುದುಕರಾಗಿದ್ದರು, ಕಣ್ಣು ಮಂಜಾಗಿತ್ತು. ನಾನು ಬಂದಿದ್ದು ಅವರಿಗೆ ತಿಳಿದಿರಲಿಲ್ಲ. ಕುರ್ಚಿಯ ಮೇಲೆ ಕೂತೇ ಕಥೆ ಹೇಳಿದರು. ಗುಡಿಸಲು, ಬಾವಿ, ಊರ ಮಂದಿಯ ಏಟು. ಆಮೇಲೆ ನಾನು ಹಿಂದೆ ಕೇಳಿರದ ಒಂದು ಭಾಗ ಬಂತು. ಸಮಾಧಿ ತೆರೆದ ದಿನ ರಕ್ತಸಾಕ್ಷಿಯ ಮಗಳು ಎಲ್ಲಿಂದಲೋ ಬಂದಳು. ಅಪ್ಪನ ಸಮಾಧಿಯ ಮುಂದೆ ಮೊಣಕಾಲೂರಿ ಅತ್ತು, ಹೊಡೆದವರನ್ನೆಲ್ಲ ಕ್ಷಮಿಸಿದೆ ಎಂದಳು. ಸೇರಿದವರು ಕಣ್ಣೊರೆಸಿಕೊಂಡರು.

ಜನ ಊಟಕ್ಕೆ ಎದ್ದ ಮೇಲೆ ನಾನು ಅವರ ಹತ್ತಿರ ಹೋಗಿ ನಾನು ಯಾರೆಂದು ಹೇಳಿದೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

“ನಮ್ಮವ್ವ ಹಂಗ ಅನ್ನಲಿಲ್ಲರಿ,” ಎಂದೆ.

“ಗೊತ್ತೈತ್ರಿ. ನಾ ಅಲ್ಲೇ ಇದ್ನಲ್ಲ.” ಅವರು ದನಿ ತಗ್ಗಿಸಿದರು. “ಆಕಿ ಹೇಳಿದ್ದನ್ನ ಹೇಳಬೇಕಂದ್ರ ದೊಡ್ಡಪ್ಪನ ಮಾತು ಬರತೈತಿ. ಅವನ ಮಮ್ಮಕ್ಕಳು ಅಲ್ಲಿ, ಆ ಸಾಲಿನ್ಯಾಗ ಅದಾರ. ನಮ್ಮವರ ಹುಡುಗರಿಗೆ ಈಗ ಬಿಸಿರಕ್ತ. ಒಂದು ಸಲ ಆಗಿದ್ದು ಸಾಕಲ್ಲರಿ? ಅದಕ್ಕ ಊರ ಮಂದಿ ಅಂತ ಹೇಳತೇನಿ. ಊರ ಹೆಂಗೂ ನೀರಾಗ ಹ್ವಾತು. ನೀವು ಬ್ಯಾಡಂದ್ರ ನಿಮ್ಮವ್ವಾರ ಸುದ್ದಿ ಬಿಟ್ಟಬಿಡತೇನಿ.”

ಮಡ್ಡಿಯ ಕೆಳಗೆ ಹೊಸ ಊರಿನ ಮನೆಗಳ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಅವುಗಳಲ್ಲಿ ಒಂದು ಮಾವನದು. ಯಾವುದು ಎಂದು ನನಗೆ ಗೊತ್ತಿರಲಿಲ್ಲ.

“ಬಿಡಬ್ಯಾಡ್ರಿ,” ಎಂದೆ. “ಬಂದಿದ್ಲು ಅಂತ ಹೇಳ್ರಿ. ಆದ್ರ ಮೊಳಕಾಲ ಊರಿದ್ಲು ಅಂತ ಮಾತ್ರ ಹೇಳಬ್ಯಾಡ್ರಿ. ಆಕಿ ನಿಂತಿದ್ಲು.”

ಅವರು ಆಗಲಿ ಎಂದು ತಲೆಯಾಡಿಸಿದರು. ಮುಂದೆ ಹಾಗೆ ಹೇಳಿದರೋ ಇಲ್ಲವೋ ತಿಳಿಯದು. ನಾನು ಮತ್ತೆ ಆ ಕಡೆ ಹೋಗಲಿಲ್ಲ.